ಫಾರ್ಟಿ-ಫೋರ್ ಮುದ್ರೆ

"ಒಂಬತ್ತು ಎಂಎಂ ತಗೊಂಡ್ರೆ ಜಿಂಕೆ ಸಾಯಲ್ಲ ಭಾವ, ನಿಂತು ನಗುತ್ತೆ," ಅಂದ ರಾಯ್ಸ್. ಪಿಸ್ತೂಲು ಜೋಡಿಸಿಟ್ಟ ಗಾಜಿನ ಪೆಟ್ಟಿಗೆಯ ಮೇಲೆ ಮೊಣಕೈ ಊರಿ, ಸೊಸೆಯನ್ನು ಆರಿಸಲು ಬಂದ ಹಿರಿಯರ ಗತ್ತಿನಲ್ಲಿ ನಿಂತಿದ್ದ.

ಎಲ್ವುಡ್ ಮೆಲ್ಲಗೆ ಪಕ್ಕದ ಪುಟ್ಟ ಟ್ವೆಂಟಿ-ಟೂ ಕಡೆ ಬೆರಳು ತೋರಿಸಿದ.

"ಅದಾ? ಅದನ್ನ ನಮ್ಮಜ್ಜಿ ಅಳಿಲು ಓಡಿಸೋಕೆ ಇಟ್ಕೊಂಡಿದ್ಲು."

ಅಂಗಡಿಯ ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ನಕ್ಕರು. ಎಲ್ವುಡ್‌ನ ಬೆರಳು ಬಸವನಹುಳುವಿನ ಕೊಂಬಿನಂತೆ ಒಳಗೆ ಸೇರಿಕೊಂಡಿತು.

ಅವನ ಕಸುಬು ಕಟ್ಟುಹಲ್ಲು ಮಾಡುವುದು. ಡಾರ್ಲಾಳನ್ನು ಮದುವೆಯಾಗಿ ಸೇಂಟ್ ಲೂಯಿಸ್ ಪಟ್ಟಣದಿಂದ ಅವಳ ಈ ಗುಡ್ಡದೂರಿಗೆ ಬಂದ ಮೇಲೆ ಅರ್ಧ ಊರಿನ ನಗು ಅವನ ಕೈಯಿಂದಲೇ ಆದದ್ದು. ಈಗ ಅವನನ್ನು ನೋಡಿ ನಕ್ಕವರಲ್ಲೂ ಇಬ್ಬರ ಬಾಯಲ್ಲಿದ್ದದ್ದು ಅವನ ಹಲ್ಲೇ. ಆದರೆ ಹಲ್ಲು ಮಾಡುವವನಿಗೆ ಆ ಊರಲ್ಲಿ ಗಂಡಸರ ಸಾಲಿನಲ್ಲಿ ಜಾಗವಿಲ್ಲ. ನವೆಂಬರ್ ಬಂತೆಂದರೆ ಮಾವ ವರ್ನನ್, ಭಾವಮೈದ ರಾಯ್ಸ್, ಪಾದ್ರಿ ಹಾಸ್ಕೆಲ್ ಎಲ್ಲ ಕಾಡಿನ ಮರದ ಮನೆಗೆ ಬೇಟೆಗೆ ಹೊರಡುತ್ತಾರೆ. ಎಲ್ವುಡ್ ಅತ್ತೆಯ ಅಡುಗೆಮನೆಯಲ್ಲಿ ಹೆಂಗಸರ ಜೊತೆ ಕೂತು ಕಡುಬಿಗೆ ಸೇಬಿನ ಸಿಪ್ಪೆ ಸುಲಿಯುತ್ತಾನೆ. ಚೆನ್ನಾಗಿಯೇ ಸುಲಿಯುತ್ತಾನೆ ಅನ್ನಿ, ಅದೇ ಇನ್ನೂ ನಾಚಿಕೆಗೇಡು. ಈ ವರ್ಷ ಮಾವ ಮನಸ್ಸು ಸಡಿಲಿಸಿ, ಒಂದು ಕೈಪಿಸ್ತೂಲು ತಗೊಂಡು ಹಿಡಿಯೋದು ಕಲಿತುಕೋ, ಆಮೇಲೆ ನೋಡೋಣ ಅಂದಿದ್ದರು. ಆ ಮನೆತನದಲ್ಲಿ ಉದ್ದ ಬಂದೂಕಿನಲ್ಲಿ ಜಿಂಕೆ ಹೊಡೆದರೆ ಬರೀ ಮಾಂಸ. ಕೈಪಿಸ್ತೂಲಿನಲ್ಲಿ ಹೊಡೆದರೆ ಮಾತ್ರ ಮರ್ಯಾದೆ.

ಅಂಗಡಿಯ ಒಡತಿ ಲೊರೀನ್ ಕಡಲೆಕಾಯಿ ಬಿಡಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮೊದಲ ಸಲ ಹಿಡಿಯುವವರಿಗೆ ಟ್ವೆಂಟಿ-ಟೂ ಒಳ್ಳೆಯದು, ಒದೆಯುವುದಿಲ್ಲ, ಕೈ ಪಳಗಿದ ಮೇಲೆ ಒಂಬತ್ತಕ್ಕೆ ಹೋಗಬಹುದು, ಆ ದೊಡ್ಡ ಫಾರ್ಟಿ-ಫೋರ್ ಅಂದರೆ ಒದೆಯುವ ಹೇಸರಗತ್ತೆ ಅಂತ ತಿಳಿಸಿ ಹೇಳಿದಳು. ಕೊನೆಗೆ ಎಲ್ವುಡ್‌ನ ಮುಖ ನೋಡಿ ನೇರವಾಗಿ ಕೇಳಿದಳು: "ಮೊದಲ ಸಲಾನಾ?"

ಕಾಫಿಯವರೆಲ್ಲ ಇತ್ತ ತಿರುಗಿದರು. ಹೌದು ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಛೆ, ಇಲ್ಲ. ಪಟ್ಟಣದಲ್ಲಿ ಬೇಕಾದಷ್ಟು ಹೊಡೆದಿದೀನಿ," ಅಂದ ಎಲ್ವುಡ್. ಹತ್ತು ನಿಮಿಷದಲ್ಲಿ ಹೇಸರಗತ್ತೆ ಅವನದಾಯಿತು. ಯಾರೋ ವಾಪಸ್ ಕೊಟ್ಟ ಮಾಲಾದರೂ ಹೊಸದರಂತೆ ಫಳಫಳ ಹೊಳೆಯುತ್ತಿತ್ತು.

ಊರ ಹೊರಗಿನ ಹಳೇ ಕಲ್ಲುಕ್ವಾರಿಗೆ ಹೋದರು. ರಾಯ್ಸ್ ದಿಬ್ಬದ ಮುಂದೆ ಒಂದು ಬೀನ್ಸ್ ಡಬ್ಬಿ ಇಟ್ಟು ಬಂದು, ಏನೂ ಹೇಳಿಕೊಡದೆ ಗಾಡಿಯ ಹಿಂದೆ ಹೋಗಿ ನಿಂತ. ಬೇಕಾದಷ್ಟು ಹೊಡೆದವನಿಗೆ ಏನು ಹೇಳಿಕೊಡುವುದು? ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು, ಮೈಯನ್ನು ಮುಂದಕ್ಕೆ ಬಾಗಿಸಬೇಕು ಎಂಬುದು ಎಲ್ವುಡ್‌ಗೆ ಗೊತ್ತಿರಲಿಲ್ಲ. ಮೇಣದ ದವಡೆ ಹಿಡಿಯುವ ಹಾಗೆ ಬೆರಳ ತುದಿಯಲ್ಲಿ ನಾಜೂಕಾಗಿ ಹಿಡಿದ, ಮೈಯನ್ನು ಹಿಂದಕ್ಕೆ ವಾಲಿಸಿದ, ಕಣ್ಣು ಮುಚ್ಚಿ ಕುದುರೆ ಎಳೆದ.

ಆಮೇಲೆ ಏನಾಯಿತೆಂದು ಅವನಿಗೆ ಪೂರ್ತಿ ನೆನಪಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲೆ ಕೂತಿದ್ದ. ಡಬ್ಬಿ ಇದ್ದಲ್ಲೇ ಇತ್ತು. ಪಿಸ್ತೂಲಿನ ಹಿಂಬದಿ ಅವನ ಹಣೆಯ ನಟ್ಟನಡುವೆ, ಅಂಚೆಯವರು ಠಸ್ಸೆ ಒತ್ತಿದ ಹಾಗೆ, ಅರ್ಧಚಂದ್ರದ ಮುದ್ರೆ ಒತ್ತಿ ಹೋಗಿತ್ತು. ರಾಯ್ಸ್ ಬಂದು ಆ ಹಣೆಯನ್ನು ತುಂಬ ಹೊತ್ತು ನೋಡಿದ. ವಿಚಿತ್ರವೆಂದರೆ ನಗಲಿಲ್ಲ. "ಟೋಪಿ ಹಾಕ್ಕೋ ಭಾವ," ಅಂದ.

ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಎಲ್ವುಡ್ ನೇರವಾಗಿ ಅಗ್ನಿಶಾಮಕ ಠಾಣೆಯಲ್ಲಿ ನಡೆಯುವ ಊರ ಮೀನೂಟಕ್ಕೆ ಹೋದ. ಹೋಗದೆ ವಿಧಿಯಿರಲಿಲ್ಲ, ಇಡೀ ಊರು ಅಲ್ಲಿರುತ್ತದೆ. ಕರಿದ ಮೀನು, ಕೋಸಿನ ಪಚಡಿ ತಟ್ಟೆಗೆ ಬಿದ್ದವು. ಅಷ್ಟರಲ್ಲಿ ಪಾದ್ರಿ ಹಾಸ್ಕೆಲ್ ಎದ್ದು ನಿಂತರು. ಊಟದ ಪ್ರಾರ್ಥನೆ.

ಆ ಊರಲ್ಲಿ ಗಂಡಸು ಮಲಗುವಾಗ ಟೋಪಿ ತೆಗೆಯದಿದ್ದರೂ ನಡೆದೀತು, ಪ್ರಾರ್ಥನೆಗೆ ತೆಗೆಯದಿದ್ದರೆ ನಡೆಯದು. ಸಾಲುಸಾಲಾಗಿ ಟೋಪಿಗಳು ಎದೆಗೆ ಬಂದವು. ಉಳಿದದ್ದು ಒಂದೇ. ಡಾರ್ಲಾ ಮೊಣಕೈಯಲ್ಲಿ ತಿವಿದಳು. ಮಾವ ಕೆಮ್ಮಿದರು. ಎಲ್ವುಡ್ ಗಲ್ಲ ಪಚಡಿಗೆ ತಾಗುವಷ್ಟು ತಲೆ ತಗ್ಗಿಸಿ ಟೋಪಿ ತೆಗೆದ.

ಎದುರು ಕೂತಿದ್ದ ಮರ್ಲಿನ್ ಚಿಕ್ಕಮ್ಮನಿಗೆ ಕಿವಿ ಮಂದ, ಪಿಸುಮಾತೂ ಡಂಗುರದ ಹಾಗೆ. "ಹಣೆಗೇನಾಯ್ತೋ?"

"ಬೀರು ಬಾಗಿಲು ತಾಗಿತು ಚಿಕ್ಕಮ್ಮ."

"ಯಾವ ಬೀರು? ಫಾರ್ಟಿ-ಫೋರಾ?"

ಪಾದ್ರಿಗಳು ಒಂದು ಕಣ್ಣು ತೆರೆದು ನೋಡಿ, ಮುಚ್ಚಿಕೊಂಡು, ಪೆಟ್ಟು ತಿಂದವರನ್ನೂ ತಮ್ಮ ಶಕ್ತಿ ಮೀರಿದ್ದಕ್ಕೆ ಕೈ ಹಾಕಿದವರನ್ನೂ ದೇವರು ಕಾಪಾಡಲಿ ಅಂತ ಪ್ರಾರ್ಥನೆಯನ್ನು ಇನ್ನಷ್ಟು ಎಳೆದರು. ಆಮೆನ್ ಅನ್ನುವುದೂ ನಗುವೂ ಒಟ್ಟಿಗೇ ಎದ್ದವು. ಮಾವ ವರ್ನನ್ ಮಾತ್ರ ನಗದೆ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಕಾಡಿನ ಮನೆಯ ಬಾಗಿಲು ಮುಚ್ಚಿತು ಅಂದುಕೊಂಡ ಎಲ್ವುಡ್. ಅವನ ಕಿವಿಗಳು ಹಣೆಗಿಂತ ಕೆಂಪಾಗಿದ್ದವು.

"ಮೊದಲ ಸಲ ಅಂತ ಹೇಳೋಕೆ ಏನಾಗಿತ್ತು ನಿಂಗೆ?" ಅಂತ ಡಾರ್ಲಾ ಮೆಲ್ಲಗೆ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಊಟ ಅರ್ಧಕ್ಕೇ ಬಿಟ್ಟು ಪಿಸ್ತೂಲು ಹಿಂದಿರುಗಿಸಲು ಅಂಗಡಿಗೆ ಬಂದ. ಈಗ ಅಲ್ಲಿ ಲೊರೀನ್ ಒಬ್ಬಳೇ. ಟೋಪಿ ತೆಗೆಯಲು ಹೇಳಿದಳು, ಹಣೆ ನೋಡಿದಳು, ಕಡಲೆಕಾಯಿ ಸಿಪ್ಪೆಯನ್ನು ಬದಿಗೆ ಸರಿಸಿದಳು.

"ನಿನಗಿಂತ ಮುಂಚೆ ಇದನ್ನ ವಾಪಸ್ ತಂದಿದ್ದು ಯಾರು ಗೊತ್ತಾ? ರಾಯ್ಸ್. ಅವನಿಗಿಂತ ಮುಂಚೆ ಪಾದ್ರಿಗಳು. ಅವರಿಗಿಂತ ಮುಂಚೆ ನಿನ್ನ ಮಾವ."

"ಎಲ್ಲರೂ?"

"ಎಲ್ಲರೂ ಹೊಡೆದದ್ದು ಒಂದೊಂದೇ ಗುಂಡು. ಎಲ್ಲರ ಹಣೇನೂ ನೋಡಿದೀನಿ."

"ಮತ್ತೆ ಕಾಡಲ್ಲಿ ಹೇಗೆ ಹೊಡೀತಾರೆ?"

"ಉದ್ದ ಬಂದೂಕಿನಲ್ಲಿ. ಯಾವುದರಲ್ಲಿ ಹೊಡೆದೆ ಅಂತ ಒಬ್ಬರನ್ನೊಬ್ಬರು ಕೇಳಲ್ಲ."

ಎಲ್ವುಡ್ ಫಾರ್ಟಿ-ಫೋರನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟ. ಇನ್ನು ಸುಳ್ಳು ಸಾಕು, ಮೊದಲಿನಿಂದ ಕಲಿಯುತ್ತೇನೆ ಅಂದ. ಲೊರೀನ್ ಟ್ವೆಂಟಿ-ಟೂ ತೆಗೆದು ಕೈಗಿಟ್ಟು, ಬೆರಳು ಎಲ್ಲಿರಬೇಕು, ಮೊಣಕೈ ಎಷ್ಟು ಬಾಗಬೇಕು ಅಂತ ತಿದ್ದಿದಳು. ಅದು ಅವನ ಅಂಗೈಯಲ್ಲಿ ಅಳತೆ ತೆಗೆದು ಮಾಡಿದ ಹಲ್ಲಿನ ಹಾಗೆ ಕೂತಿತು.

ಅಷ್ಟರಲ್ಲಿ ಬಾಗಿಲ ಗಂಟೆ ಕಿಣಿಗುಟ್ಟಿತು. ಮಾವ ವರ್ನನ್, ಹಿಂದೆ ರಾಯ್ಸ್.

ಎಲ್ವುಡ್ ಟ್ವೆಂಟಿ-ಟೂವನ್ನು ಬಿಸಿ ಆಲೂಗಡ್ಡೆಯ ಹಾಗೆ ಕೈಬಿಟ್ಟು ಫಾರ್ಟಿ-ಫೋರ್ ಮೇಲೆ ಅಂಗೈ ಇಟ್ಟ. ಮಾವ ಅದನ್ನೂ ನೋಡಿದರು, ಅವನ ಹಣೆಯನ್ನೂ ನೋಡಿದರು.

"ವಾಪಸ್ ಕೊಡೋಕೆ ಬಂದ್ಯಾ?"

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಬಾಯಿ ತೆರೆದ. "ಇಲ್ಲ ಮಾವ. ಗುಂಡು ಖಾಲಿಯಾಗುತ್ತೆ ಅಂತ, ಇನ್ನೊಂದು ಡಬ್ಬಿಗೆ ಬಂದೆ."

ಮಾವ ಬಂದು ಅವನ ಹೆಗಲು ಹಿಡಿದರು. ಕಣ್ಣಲ್ಲಿ ನೀರಿದ್ದರೂ ಇದ್ದೀತು. "ಆ ಪೆಟ್ಟು ತಿಂದ ಮೇಲೂ ಇನ್ನೊಂದು ಡಬ್ಬಿ. ನಮ್ಮ ಮನೇಲಿ ಇಂಥ ಗಂಡಸು ಹುಟ್ಟಲಿಲ್ಲ, ಬಂದು ಸೇರಿದ. ನವೆಂಬರ್‌ಗೆ ನಮ್ಮ ಜೊತೆ ಬಾ. ಮೊದಲ ಗುಂಡು ನಿಂದೇ, ಇದರಲ್ಲೇ. ನಾವೆಲ್ಲ ಹಿಂದೆ ನಿಂತು ನೋಡ್ತೀವಿ."

ಅಳಿಯನಿಗೆ ತಮ್ಮ ಉಡುಗೊರೆಯೆಂದು ಎರಡು ಡಬ್ಬಿ ಗುಂಡು ಕೊಡಿಸಿ, ಪಾದ್ರಿಗಳಿಗೂ ಸುದ್ದಿ ಮುಟ್ಟಿಸಬೇಕು ಅಂತ ಮಾವ ಹೊರಟರು. ರಾಯ್ಸ್ ಬಾಗಿಲು ಹಿಡಿದು ನಿಂತವನು ಅವರಿಗೆ ಕೇಳಿಸದ ಹಾಗೆ ಬಾಗಿ ಹೇಳಿದ:

"ಗಟ್ಟಿಯಾಗಿ ಹಿಡ್ಕೋ ಭಾವ. ಎರಡನೇ ಗುಂಡು ಹೇಗೆ ಒದೆಯುತ್ತೆ ಅಂತ ಹೇಳೋಕೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ."

ಹಿಂದೆ ಲೊರೀನ್ ಟ್ವೆಂಟಿ-ಟೂವನ್ನು ಗಾಜಿನ ಪೆಟ್ಟಿಗೆಯಲ್ಲಿ ಅದರ ಜಾಗಕ್ಕಿಟ್ಟು, ಬೀಗ ಹಾಕಿ, ಕಡಲೆಕಾಯಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.