ಪಾಯಸದ ಮೇಲೆ ಪಾಯಸ

ತಪ್ಪು ಯಾರದ್ದೆಂದು ಹುಡುಕುವ ಕಷ್ಟ ನಿಮಗೆ ಬೇಡ, ನನ್ನದೇ. ಚಿಕ್ಕಪ್ಪನ ಮಗಳು ಸುಮಳ ಮದುವೆಯಲ್ಲಿ ಗಂಡಿನ ಕಡೆಯ ಹಿರಿಯರೆಲ್ಲ ಬಾಳೆಲೆಯ ಮುಂದೆ ಕೂತು, ಒಣ ಅನ್ನದ ಗುಡ್ಡೆಯನ್ನು ದಿಟ್ಟಿಸುತ್ತ ಸಾಂಬಾರಿಗೆ ಕಾದರಲ್ಲ, ಆ ಪುಣ್ಯಕಾರ್ಯ ಮಾಡಿದವನು ನಾನು. ಕಂಪ್ಯೂಟರಿನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಕಂಪ್ಯೂಟರಿಗೆ ಬುದ್ಧಿ ಹೇಳಿಕೊಟ್ಟವನೂ ನಾನೇ ಆದ್ದರಿಂದ ತಪ್ಪು ಸುತ್ತಿ ಬಳಸಿ ಮನೆಗೇ ಬರುತ್ತದೆ.

ನನಗೆ ಬೇರೆಯವರ ಸ್ವರ ಚೆನ್ನಾಗಿ ಬರುತ್ತದೆ. ಸ್ವಂತ ಸ್ವರ ಕೇಳುವ ಹಾಗಿಲ್ಲವೆಂದು ದೇವರು ಮಾಡಿಕೊಟ್ಟ ಬದಲಿ ವ್ಯವಸ್ಥೆ ಇರಬೇಕು. ಕುಂದಾಪುರದಲ್ಲಿ ಮದುವೆ ಊಟದ ಗುತ್ತಿಗೆ ಹಿಡಿಯುವ ಶ್ರೀಧರ ಭಟ್ರದು ಮೂಗಿನಲ್ಲಿ ಹುಟ್ಟಿ ಗಂಟಲಿಗೆ ವಾಪಸಾಗುವ ಸ್ವರ. ಒಂದು ದಿನ ಆ ಸ್ವರದಲ್ಲಿ ಅವರ ಅಡುಗೆಮನೆಗೆ ಫೋನು ಮಾಡಿ, "ಮಂಜಯ್ಯ, ಇವತ್ತಿನ ಮದಿ ನಿಂತೋಯ್ತ್, ಒಲಿ ಆರ್ಸ್" ಎಂದು ಮದುವೆಯೇ ನಿಂತ ಸುದ್ದಿ ಕೊಟ್ಟೆ. ಅಲ್ಲಿಯ ದೊಡ್ಡ ಅಡುಗೆಯವರಾದ ಮಂಜಯ್ಯ ಒಂದು ಕೊಡ ನೀರನ್ನು ಒಲೆಗೆ ಸುರಿದೇ ಫೋನಿಟ್ಟರು. ಅಂದಿನಿಂದ ಫೋನಿನಲ್ಲಿ ಬರುವ ಯಾವ ಸ್ವರವನ್ನೂ ಅವರು ನಂಬುವುದಿಲ್ಲ. ನಿಜವಾದ ಭಟ್ರು ಫೋನು ಮಾಡಿದರೂ ನಾನೇ ಎಂದುಕೊಂಡು "ಭಟ್ರ ಸ್ವರ ಲಾಯ್ಕ್ ಮಾಡ್ತೆ ಮಾಣಿ, ಫೋನ್ ಇಡ್" ಎನ್ನುತ್ತಾರೆ.

ಹಾಗಾಗಿ ಭಟ್ರು ಒಂದು ಸಂಜೆ, ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿರುವ ನಮ್ಮ ಸಾಫ್ಟ್‌ವೇರ್ ಆಫೀಸಿಗೆ ಏದುಸಿರು ಬಿಡುತ್ತ ಹತ್ತಿ ಬಂದರು. "ನಿನ್ನಿಂದ ಆದ್ದ್, ನೀನೇ ಸರಿ ಮಾಡ್ಕ್. ಬೈಂದೂರಂಗ್ ಒಂದ್ ಮದಿ, ಬ್ರಹ್ಮಾವರದಂಗ್ ಒಂದ್ ಮದಿ ಇದ್ರೆ ನಾನ್ ಎಂತ, ಬೈಕಂಗೇ ಸಂಸಾರ ಮಾಡುದಾ?"

ಹೀಗೆ ಹುಟ್ಟಿತು ನಮ್ಮ ಆ್ಯಪು. ಮದುವೆಯ ಸಭಾಭವನದಲ್ಲಿ ಬಡಿಸುವವರು ಬೇಕಾದ ಪದಾರ್ಥ ಒತ್ತಿದರೆ, ಕುಂದಾಪುರದ ಅಡುಗೆಮನೆಯ ಗೋಡೆಯ ಪರದೆಯಲ್ಲಿ ಗಂಟೆ ಬಡಿದು ಅದರ ಹೆಸರು ಮೂಡಬೇಕು. ಇಂಥದ್ದಕ್ಕೆ ಮೆಸೇಜಿಂಗ್ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಸಿಗುತ್ತದೆ. ನಾವು ಮೇಲೆ ಕೂತು "ಕಳಿಸು" ಎಂದರೆ ಸಾಕು, ಕೆಳಗೆ ಹೊತ್ತುಕೊಂಡು ಹೋಗುವವನು ಬೇರೆ. ಅವನಿಗೆ ಟ್ರಾನ್ಸ್‌ಪೋರ್ಟ್ ಎಂದು ಹೆಸರು. ನಮ್ಮೂರಲ್ಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಲ ಕೊಟ್ಟು "ಬೈಂದೂರಂಗ್ ನಮ್ ಅಕ್ಕ ನಿಂತಿರ್ತ್ಳ್" ಎಂದು ಹೇಳಿ ಮನೆಗೆ ಬಂದು ಮಲಗುವುದಿಲ್ಲವೇ, ಹಾಗೆ.

ಈ ಹೊರುವವರಲ್ಲಿ ನಾನಾ ಸ್ವಭಾವದವರಿದ್ದಾರೆ. ಒಬ್ಬ ನಿಂತಲ್ಲಿಂದಲೇ "ಹ್ವಾಯ್, ಸಾಂಬಾರ್" ಎಂದು ಕೂಗಿ ತಿರುಗಿ ನೋಡದೆ ಹೋಗುತ್ತಾನೆ. ಕೇಳಿದವರು ಕೇಳಿದರು, ಬಿಟ್ಟವರು ಬಿಟ್ಟರು. ಭಾರೀ ವೇಗ, ಜವಾಬ್ದಾರಿ ಸೊನ್ನೆ, ನನ್ನದೇ ಸ್ವಭಾವ. ಇನ್ನೊಬ್ಬ ಮಹಾ ನಿಯತ್ತಿನವನು. "ಮುಟ್ಟಿತು" ಎಂಬ ಉತ್ತರ ಬರುವವರೆಗೆ ಅದೇ ಮಾತನ್ನು ಮತ್ತೆ ಮತ್ತೆ ಕಳಿಸುತ್ತಾನೆ, ಮೊದಲಿನದು ಮುಟ್ಟಿದ್ದು ಖಾತ್ರಿಯಾಗದೆ ಎರಡನೆಯದನ್ನು ಕೈಯಲ್ಲೂ ಮುಟ್ಟುವುದಿಲ್ಲ. ಮೂರನೆಯವನು ಮನೆಬಿಟ್ಟು ಹೊರಗೇ ಹೋಗುವುದಿಲ್ಲ. ಕಳಿಸುವವನೂ ಪಡೆಯುವವನೂ ಒಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ. ಹೇಳುವುದೂ ತಾನೇ, ಹೂಂ ಎನ್ನುವುದೂ ತಾನೇ. ಪರೀಕ್ಷೆಗೆಂದು ಇರುವವನು ಇವನು.

ನಾನು ಎರಡು ತಿಂಗಳು ಈ ಮೂರನೆಯವನ ಜೊತೆ ಆಡಿದೆ. ಒಂದು ಕುರ್ಚಿಯಲ್ಲಿ ಕೂತು ಬಡಿಸುವವರ ಸ್ವರದಲ್ಲಿ "ಹೋಳ್ಗಿ ಕಳ್ಸಿ" ಎನ್ನುವುದು, ಇನ್ನೊಂದಕ್ಕೆ ಹಾರಿ ಮಂಜಯ್ಯನ ಸ್ವರದಲ್ಲಿ "ಬಂತ್ ಬಂತ್" ಎನ್ನುವುದು. ಒಂದು ಸಂದೇಶವೂ ತಪ್ಪಲಿಲ್ಲ, ತಪ್ಪಲು ದಾರಿಯೇ ಇರಲಿಲ್ಲವಲ್ಲ. ಸುಮಳ ಮದುವೆಯ ಊಟವೂ ಭಟ್ರದೇ. ಆ ವಾರ, ಸೆಟ್ಟಿಂಗಿನಲ್ಲಿ ಒಂದೇ ಒಂದು ಸಾಲು ಬದಲಾಯಿಸಿ ಆ ನಿಯತ್ತಿನವನನ್ನು ನೇಮಿಸಿದೆ. ಸಾಲೊಂದು ಬದಲಾದರೆ ಸಾಕು, ಉಳಿದದ್ದು ಹಾಗೇ ನಡೆಯುತ್ತದೆ ಎಂಬುದು ಫ್ರೇಮ್‌ವರ್ಕಿನ ಹೆಮ್ಮೆ. ಒಂದೇ ಮಾತು ಎರಡು ಸಲ ಬಂದರೆ ಎರಡನೆಯದನ್ನು ಬಿಡಬೇಕೆಂದು ಅಡುಗೆಮನೆಯ ಕಡೆಗೆ ಕಲಿಸಬೇಕಾದವನು ನಾನು. ಕಲಿಸಲಿಲ್ಲ. ಮಾತನಾಡಿದ್ದೂ ಕೇಳಿದ್ದೂ ನಾನೇ ಆಗಿದ್ದಾಗ ಯಾವುದೂ ಎರಡು ಸಲ ಬಂದಿರಲಿಲ್ಲ.

ಮದುವೆ ತ್ರಾಸಿಯ ಸಭಾಭವನದಲ್ಲಿ. ಅಲ್ಲಿ ಸಮುದ್ರದ ಗಾಳಿಗೆ ಕೊರತೆಯಿಲ್ಲ, ನೆಟ್‌ವರ್ಕಿಗೆ ಇದೆ. ಅನ್ನ ಮಾತ್ರ ಅಲ್ಲೇ ಬೇಯುತ್ತದೆ, ಉಳಿದದ್ದೆಲ್ಲ ಕುಂದಾಪುರದಿಂದ ಟೆಂಪೋದಲ್ಲಿ ಬರಬೇಕು. ಊರವರ ಮೊದಲ ಪಂಕ್ತಿ ಚೆನ್ನಾಗಿಯೇ ಎದ್ದಿತು. ಫೋಟೋ ಮುಗಿಸಿ ಬಂದ ಗಂಡಿನ ಕಡೆಯವರು ಎರಡನೆಯದಕ್ಕೆ ಕೂತರು. ಬಡಿಸುವವರ ಮುಖಂಡ ಸುಬ್ಬಣ್ಣ ಮೊದಲೇ "ಪಾಯಸ" ಒತ್ತಿ, ಆಮೇಲೆ "ಸಾಂಬಾರ್" ಒತ್ತಿದ್ದ. ಪಾಯಸದ ಸಂದೇಶ ಕುಂದಾಪುರಕ್ಕೆ ಮುಟ್ಟಿತು. ಮುಟ್ಟಿತು ಎಂಬ ಉತ್ತರ ತ್ರಾಸಿಗೆ ಬರುವಾಗ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ನಿಯತ್ತಿನವನು ಸುಮ್ಮನಿರುತ್ತಾನೆಯೇ? ಪಾಯಸ. ಉತ್ತರ ಆಗಲೂ ಬರಲಿಲ್ಲ, ಮತ್ತೆ ಪಾಯಸ. ಅಲ್ಲಿ ಗಂಟೆ ಬಡಿದಾಗಲೆಲ್ಲ ಮಂಜಯ್ಯ ಒಂದೊಂದು ಕೊಪ್ಪರಿಗೆ ಪಾಯಸವನ್ನು ಗಾಡಿಗೆ ಏರಿಸುತ್ತ ಹೋದರು. ಸಾಂಬಾರಿನ ಸಂದೇಶ ಮಾತ್ರ ಸರದಿ ಬರಲಿಲ್ಲವೆಂದು ಸುಬ್ಬಣ್ಣನ ಫೋನಿನೊಳಗೇ ಕೈಕಟ್ಟಿ ನಿಂತಿತ್ತು.

ಟೆಂಪೋ ಬಂತು, ಪಾಯಸ. ಹಿಂದೆಯೇ ಗೂಡ್ಸ್ ರಿಕ್ಷಾ, ಅದರಲ್ಲೂ ಪಾಯಸ. ಸುಬ್ಬಣ್ಣ ಮುಚ್ಚಳ ತೆಗೆದು ನೋಡಿ, "ಇನ್ನೂ ಪಾಯಸ ಬಪ್ಪುಕಿತ್ತಾ?" ಎಂದು ರಸ್ತೆಯತ್ತ ನೋಡುತ್ತ ಮೆಲ್ಲಗೆ ಕೇಳಿದ. ಅತ್ತ ಪಂಕ್ತಿಯಲ್ಲಿ ಸಾರೂ ತೀರಿ ಅನ್ನ ಆರುತ್ತಿತ್ತು. ಮದುಮಗನ ದೊಡ್ಡಪ್ಪ, ಬ್ರಹ್ಮಾವರದವರು, ಮಾತು ಕಡಿಮೆ. ಅವರೊಬ್ಬರು ಎಲೆ ಮಡಚಿ ಎದ್ದರೆ ಸಾಲಿಗೆ ಸಾಲೇ ಏಳುವಂತಿತ್ತು. ಅವರ ಬೆರಳು ಎಲೆಯ ತುದಿಯ ಮೇಲಿತ್ತು. ಚಿಕ್ಕಪ್ಪನ ಕಣ್ಣು ಆ ಬೆರಳಿನ ಮೇಲಿತ್ತು.

ಚಿಕ್ಕಪ್ಪ ತಾರಸಿಗೆ ಓಡಿ, ಸಿಗ್ನಲ್ ಸಿಕ್ಕಿದ ಮೂಲೆಯಲ್ಲಿ ನಿಂತು ಅಡುಗೆಮನೆಗೆ ಫೋನು ಮಾಡಿದರು. "ಪಾಯಸ ಸಾಕ್, ಸಾಂಬಾರ್ ಕಳ್ಸ್ ಮಾರಾಯ, ನನ್ ಮರ್ಯಾದಿ ಹೋತ್." ಮಂಜಯ್ಯ ಪೂರ್ತಿ ಕೇಳಿದರಂತೆ. "ಮಾಣಿ, ನಿನ್ ಚಿಕ್ಕಪ್ಪನ ಸ್ವರ ಲಾಯ್ಕ್ ಬಂತ್. ಆರೆ ಅಳುದ್ ಒಂಚೂರ್ ಜಾಸ್ತಿ ಆಯ್ತ್" ಎಂದು ಇಟ್ಟರು.

ಕೊನೆಗೆ ಪಾಯಸ ಇಳಿಸಿ ಖಾಲಿಯಾದ ಟೆಂಪೋದವನಿಗೆ ಸುಬ್ಬಣ್ಣ ಬಾಯಲ್ಲೇ ಹೇಳಿ ಓಡಿಸಿದ. ಅದು ಹೋಗಿ ಬರುವವರೆಗೆ ದೊಡ್ಡಪ್ಪನನ್ನು ಕೂರಿಸಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು. ಯಾರ ಸ್ವರವೂ ನೆನಪಾಗಲಿಲ್ಲ, ನನ್ನದೇ ಸ್ವರದಲ್ಲಿ ಶುರುಮಾಡಿದೆ: "ದೊಡ್ಡಪ್ಪಯ್ಯ, ಸಂದೇಶ ಸರಿಯಾಗೇ ಹೋಯ್ತ್. ಮುಟ್ಟಿತ್ ಅಂಬ ಉತ್ತರ ಬರ್ಲಿಲ್ಲ, ಅದ್ಕೇ ಅದೇ ಮತ್ತೆ ಹೋಯ್ತ್." ಅವರು ಹೂಂ ಎನ್ನಲಿಲ್ಲ. ಅರ್ಥವಾಗಲಿಲ್ಲವೇನೋ ಎಂದು ಮೊದಲಿಂದ ಹೇಳಿದೆ. ಆಗಲೂ ಇಲ್ಲ. ಕಂಡಕ್ಟರನ ಉದಾಹರಣೆ ಸೇರಿಸಿ ಮತ್ತೆ ಹೇಳಿದೆ. ಬೆವರು ಒರೆಸಿಕೊಂಡು ಇನ್ನೊಮ್ಮೆ "ಸಂದೇಶ ಸರಿಯಾಗೇ..." ಎನ್ನುವಷ್ಟರಲ್ಲಿ ಹೊರಗೆ ಟೆಂಪೋ ನಿಂತ ಸದ್ದಾಯಿತು, ಸುಬ್ಬಣ್ಣ ಸಾಂಬಾರಿನ ಬಕೆಟು ತಂದು ನನ್ನ ಕೈಗೇ ಕೊಟ್ಟ. ದೊಡ್ಡಪ್ಪ ಎಲೆಯ ತುದಿಯಿಂದ ಬೆರಳು ತೆಗೆದು, ಅನ್ನದ ನಡುವೆ ಗುಂಡಿ ಮಾಡಿ, ಮೊದಲ ಸಲ ಬಾಯಿ ತೆರೆದರು:

"ಮಾಣಿ, ನೀನ್ ಹೇಳಿದ್ದ್ ಮುಟ್ಟಿತ್. ಇನ್ನ್ ಕಳ್ಸ್‌ಬೇಡ, ಬಡ್ಸ್."