ಎಷ್ಟು ಬೇಕೆಂದು ಕೇಳಬಾರದ ಊಟ

ನಾಲ್ಕು ಊರು ತಿರುಗಿದವನ ನಾಲಿಗೆಗೆ ನಾಲ್ಕು ಭಾಷೆಯ ಚೂರು ಅಂಟಿಕೊಂಡಿರುತ್ತದೆ. ಅದು ಯಾವಾಗ ಅನ್ನ ಕೊಡಿಸುತ್ತದೆ, ಯಾವಾಗ ಮಾನ ಕಳೆಯುತ್ತದೆ ಹೇಳಲಿಕ್ಕೆ ಬರುವುದಿಲ್ಲ. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಲಾರಿ ಹತ್ತಿದವನಾದ್ದರಿಂದ ನನಗೆ ಇಂಥದ್ದು ಆಗುತ್ತಲೇ ಇರುತ್ತದೆ.

ದರ್ಜಿಯ ಗುಂಡಿಗಳು

ಪೋರ್ಚುಗೀಸರ ಕೈಯಲ್ಲಿದ್ದ ಗೋವೆಯ ಗಡಿ ಮುಚ್ಚಿದ್ದ ಕಾಲದಲ್ಲಿ ಊರಿಗೆ ಹೋಗಲಾಗದೆ ಸಿರಸಿಯಲ್ಲೇ ಉಳಿದ ಒಬ್ಬ ದರ್ಜಿ ಇದ್ದ. ಲಾರಿ ಓಡದ ಮಳೆಗಾಲದಲ್ಲಿ ಅವನ ಅಂಗಡಿಯ ಬಾಂಕಿನ ಮೇಲೆ ಕೂತು, ನನಗೂ ಪೋರ್ಚುಗೀಸ್ ಕಲಿಸು ಎಂದೆ. ಅವನು ಅಂಗಿಯ ಗುಂಡಿಗಳನ್ನು ಮೇಜಿನ ಮೇಲೆ ಸುರಿದು "ಕ್ವಾಂತುಶ್?" ಎನ್ನುತ್ತಿದ್ದ. ಎಷ್ಟು ಎಂದರ್ಥ. ಎರಡು ಬಗೆಯ ಗುಂಡಿ ಹಿಡಿದು "ಕ್ವಾಲ್?" ಎನ್ನುತ್ತಿದ್ದ. ಯಾವುದು ಎಂದರ್ಥ. ಉತ್ತರ ಹೇಳುವುದು ಮುಂದಿನ ಪಾಠ ಎಂದಿದ್ದ. ಅಷ್ಟರಲ್ಲಿ ಗಡಿ ತೆರೆಯಿತು. ಅವನು ಅಂಗಡಿಗೆ ಬೀಗ ಹಾಕಿ ತಂಗಿಯನ್ನು ನೋಡಲು ಹೋದವನು ತಿರುಗಿ ಬರಲಿಲ್ಲ.

ಹೀಗೆ ನನಗೆ ಪೋರ್ಚುಗೀಸಿನಲ್ಲಿ ಪ್ರಶ್ನೆ ಕೇಳಲು ಬರುತ್ತಿತ್ತು. ಯಾರಾದರೂ ಉತ್ತರ ಕೊಟ್ಟರೆ ಮಾತ್ರ ತೊಂದರೆ.

ಕಾನಸೂರಿನ ಜಿಲೇಬಿ

ಅದೇ ವರ್ಷ ಕಾನಸೂರಿನ ಸೋದರತ್ತೆಯ ಮನೆಯ ಮುಂಜಿಯಲ್ಲಿ ಜಿಲೇಬಿ ಬಡಿಸಲು ನಿಂತೆ. ಪಾಠದ ಗುಂಗು ಇನ್ನೂ ಇಳಿದಿರಲಿಲ್ಲ. ಒಬ್ಬೊಬ್ಬರ ಎದುರೂ ಬಗ್ಗಿ, ಎಷ್ಟು ಹಾಕಲಿ, ಗರಿಯಾದದ್ದೋ ಮೆತ್ತಗಿನದೋ ಎಂದು ಕನ್ನಡದಲ್ಲೇ ಕೇಳುತ್ತ ಹೋದೆ. ಎಲ್ಲರೂ ಬೇಡ ಎಂದರು. ಬುಟ್ಟಿ ತುಂಬಿದ್ದು ತುಂಬಿದಂತೆಯೇ ಒಳಗೆ ಬಂತು. ಅತ್ತೆ ಬುಟ್ಟಿ ಕಸಿದುಕೊಂಡು, ಮನೆಯ ಮರ್ಯಾದೆ ತೆಗೆದೆ ಎಂದು ಬೈದಳು.

ಪಂಕ್ತಿಯ ತುದಿಯಲ್ಲಿದ್ದ ಮುದುಕರೊಬ್ಬರಿಗೆ ತಡೆಯಲಾಗಲಿಲ್ಲ. "ತಮಾ, ನೀ ಕೇಳಿದ್ರೆ ಆನು ಬ್ಯಾಡ ಹೇಳವು. ಕೇಳ್ದೇ ನಾಲ್ಕು ಹಾಕಿದ್ರೆ ಬೈತಾ ಬೈತಾ ತಿಂತಿದ್ದೆ" ಎಂದರು. ಕೇಳಿದರೆ ಬೇಡ ಎನ್ನಲೇಬೇಕು, ಅದು ಪಂಕ್ತಿಯ ಮರ್ಯಾದೆ.

ಯಲ್ಲಾಪುರದ ಸಾಹೇಬ

ಮರುವರ್ಷ ಯಲ್ಲಾಪುರದಲ್ಲಿ ಬನವಾಸಿ ಕಡೆಯ ಯಜಮಾನರೊಬ್ಬರ ಕಟ್ಟಿಗೆ ಅಡ್ಡೆಗೆ ಸೇರಿದೆ. ಮಡಗಾವಿನ ದೊಡ್ಡ ಮನೆಯೊಂದಕ್ಕೆ ಸಾಗುವಾನಿ ತೊಲೆ ಬೇಕಾಗಿತ್ತು. ಆರಿಸಲು ಆ ಮನೆಯ ಏಜೆಂಟ ಬರುವವನಿದ್ದ. ಪೋರ್ಚುಗೀಸ್ ಬಲ್ಲವರು ಯಾರಾದರೂ ಇದ್ದೀರಾ ಎಂದು ಯಜಮಾನರು ಕೇಳಿದಾಗ ನನ್ನ ಕೈ ತಾನಾಗಿಯೇ ಮೇಲೆ ಹೋಯಿತು.

"ಕೆಲಸ ಆದ್ರ ಲೆಕ್ಕ ಬರಿಯೋ ಮುನೀಮ ಮಾಡತೀನಿ. ಸುಳ್ಳಾದ್ರ ಬಂದ ಲಾರಿನ ಹತ್ತು" ಎಂದರು.

ಸಿದ್ದಾಪುರದಲ್ಲಿ ನನಗೆ ಹೆಣ್ಣು ಕೊಡುವವರು, ಹುಡುಗನಿಗೆ ಏನು ಕೆಲಸ ಎಂದು ಕೇಳಿದ್ದರು. ಮುನೀಮ ಎಂದು ಅಮ್ಮ ಆಗಲೇ ಹೇಳಿಬಿಟ್ಟಿದ್ದಳು. ಲಾರಿ ಹತ್ತುವ ಹಾಗಿರಲಿಲ್ಲ.

ಏಜೆಂಟ ಬಂದ. ಕೋಟು, ಟೊಪ್ಪಿಗೆ, ಬಾಯಲ್ಲಿ ಮಾತಿಲ್ಲ. ಮೊದಲು ಊಟ ಎಂದು ಮನೆಗೆ ಕರೆದೊಯ್ದರು. ನಾನು ಕ್ವಾಂತುಶ್ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ನನ್ನ ತೋಳು ಹಿಡಿದು, "ಎಷ್ಟು ಬೇಕು, ಯಾವದು ಬೇಕು ಅಂತ ಯಾವ ಭಾಷಾದಾಗೂ ಕೇಳಬ್ಯಾಡ. ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ" ಎಂದರು. ನನಗೆ ಬರುತ್ತಿದ್ದದ್ದು ಅವೆರಡೇ. ಜೀವ ಹಗುರಾಯಿತು.

ಹೋಳಿಗೆ ಬಂತು. ಎಲೆಯಲ್ಲಿ ಬಿಟ್ಟರೆ ಅಪಮಾನವಾದೀತೆಂದೋ ಏನೋ ಏಜೆಂಟ ಚೂರೂ ಉಳಿಸದೆ ತಿಂದ. ಖಾಲಿ ಎಲೆ ಕಂಡರೆ ನಮ್ಮವರು ಸುಮ್ಮನಿರುವುದುಂಟೆ? ಮತ್ತೆ ಹಾಕಿದರು. ಮತ್ತೆ ತಿಂದ. ಒಂಬತ್ತನೇ ಹೋಳಿಗೆಗೆ ಅವನ ಕೋಟಿನ ಗುಂಡಿ ಬಿಚ್ಚಿತು, ಹನ್ನೊಂದಕ್ಕೆ ಕಣ್ಣಲ್ಲಿ ನೀರು ಬಂತು. ಇವನು ಇಲ್ಲೇ ಮಲಗಿಬಿಟ್ಟರೆ ತೊಲೆಯೂ ಇಲ್ಲ, ಮದುವೆಯೂ ಇಲ್ಲ ಎನ್ನಿಸಿತು. ಯಜಮಾನರು ತುಪ್ಪಕ್ಕೆಂದು ಒಳಗೆ ಹೋದದ್ದೇ ತಡ, ಅಪ್ಪಣೆ ಮೀರಿ ಅವನ ಕಿವಿಯಲ್ಲಿ "ಕ್ವಾಂತುಶ್?" ಎಂದೆ.

"ಪುರೋ ರೇ ಬಾಬಾ, ಪುರೋ" ಎಂದ. ಕಾರವಾರದ ಕಡೆ ತಿರುಗುವಾಗ ದಿನವೂ ಕೇಳಿದ ಕೊಂಕಣಿ. ಸಾಕಪ್ಪಾ ಸಾಕು ಎಂಬ ಮಾತು. ಒಂದು ತುಂಡು ಹಾಗೇ ಬಿಡು, ಎರಡೂ ಕೈ ಎಲೆಗೆ ಅಡ್ಡ ಹಿಡಿ ಎಂದು ನಾನೂ ಕೊಂಕಣಿಯಲ್ಲೇ ಹೇಳಿಕೊಟ್ಟೆ. ಹಿಡಿದ. ಬಡಿಸುವುದು ನಿಂತಿತು.

ಆಮೇಲೆ ದಿಮ್ಮಿಗಳ ಹಿಂದೆ ಅವನು ನನ್ನ ಕೈ ಹಿಡಿದುಕೊಂಡು ಕೊಂಕಣಿಯಲ್ಲೇ ಗುಟ್ಟು ಬಿಚ್ಚಿದ. ಪೋರ್ಚುಗೀಸ್ ಬರುವುದು ಅವನ ಧಣಿಗಂತೆ, ಅವನಿಗಲ್ಲ. ಕನ್ನಡ ಬರುತ್ತದೆಂದು ಧಣಿಗೆ ಸುಳ್ಳು ಹೇಳಿ ಈ ಕೆಲಸ ಹಿಡಿದಿದ್ದನಂತೆ. ಯಾರಾದರೂ ಏನಾದರೂ ಕೇಳಿಬಿಟ್ಟರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೆದರಿದ್ದನಂತೆ. "ಇಲ್ಲಿ ಯಾರೂ ಏನೂ ಕೇಳಲೇ ಇಲ್ಲ. ಆ ಖುಷಿಗೇ ತಿನ್ನುತ್ತ ಹೋದೆ" ಎಂದ.

ತೊಲೆಗಳನ್ನು ಅರ್ಧ ತಾಸಿನಲ್ಲಿ ಆರಿಸಿ ಮುಗಿಸಿದೆವು. ಹೊರಡುವಾಗ, ನಿನಗೇನಾದರೂ ಸಹಾಯ ಬೇಕೇ ಎಂದು ಕೇಳಿದ. ಯಜಮಾನರೆದುರು ನಾಲ್ಕು ಮಾತು ಪೋರ್ಚುಗೀಸಿನಲ್ಲಿ ಆಡು ಎಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ಚಿಕ್ಕಂದಿನಲ್ಲಿ ಇಗರ್ಜಿಯಲ್ಲಿ ಬಾಯಿಪಾಠ ಮಾಡಿದ್ದ ಪೋರ್ಚುಗೀಸ್ ಪ್ರಾರ್ಥನೆಯನ್ನು ಸರಸರ ಒಪ್ಪಿಸಿಬಿಟ್ಟ.

"ಏನಂತಾರ?" ಎಂದರು ಯಜಮಾನರು.

ಇಂಥ ಮಾತುಗಾರನನ್ನು ಗೋವೆಯಲ್ಲೂ ಕಂಡಿಲ್ಲ ಅನ್ನುತ್ತಾರೆ ಎಂದೆ. ಸಂಕೋಚಕ್ಕೆ ಅರ್ಧ ಹೊಗಳಿಕೆ ಬಿಟ್ಟೇ ಹೇಳಿದೆ.

"ಕಡೀಕ ಆಮೆನ್ ಅಂದ್ರಲ್ಲ, ಅದೇನು?"

"ಇವನನ್ನು ಮುನೀಮ ಮಾಡಿ ಅಂತ" ಎಂದೆ.

ಮಾಡಿದರು.