ಕಂಡದ್ದಷ್ಟೇ ಬರೆದ ಎಮ್ಮೆಲ್ಲೆ

ನಮ್ಮ ಮಾಮಾನಿಂದ ಶಿಫಾರಸು ಪತ್ರ ಬರೆಸಿಕೊಂಡು ಕೆಲಸ ಗಿಟ್ಟಿಸಿದವರು ಇಡೀ ಜಿಲ್ಲೆಯಲ್ಲಿ ಒಬ್ಬರೂ ಇಲ್ಲ. ಐದು ವರ್ಷ ಎಮ್ಮೆಲ್ಲೆ ಆಗಿದ್ದ ಮನುಷ್ಯನ ಬಗ್ಗೆ ಹೇಳುತ್ತಿದ್ದೇನೆ, ಸ್ವಾಮಿ! ಎಮ್ಮೆಲ್ಲೆ ಅಂದರೆ ಜನರ ಪಾಲಿಗೆ ಏನು? ಒಂದು ಲೆಟರ್‌ಹೆಡ್ಡು. ಆಸ್ಪತ್ರೆಯ ಬೆಡ್ಡಿಗೆ, ಹಾಸ್ಟೆಲ್ಲಿನ ಸೀಟಿಗೆ, ತಿರುಪತಿಯಲ್ಲಿ ಬೇಗ ದರ್ಶನಕ್ಕೆ, ಎಲ್ಲಕ್ಕೂ ಅದೇ. ಹೆಸರೊಂದು ಬದಲಾದರೆ ಸಾಕು, ಒಕ್ಕಣೆ ಎಲ್ಲ ಕಡೆ ಒಂದೇ: 'ಇವರನ್ನು ನಾನು ಬಹುಕಾಲದಿಂದ ಬಲ್ಲೆ, ಸಜ್ಜನರು, ದಯವಿಟ್ಟು ಸಹಕರಿಸಿ.'

ಮಾಮಾನಿಗೆ ಈ ಒಕ್ಕಣೆ ಬರೆಯಲು ಕೈ ಬರುತ್ತಿರಲಿಲ್ಲ. ಕಾರಣ ಅವರ ವಕೀಲಿ. ಹೈದರಾಬಾದ್ ಸರಕಾರದ ಕೆಳಗಿದ್ದ ಗಡಿಯ ಒಂದು ಸಣ್ಣ ಕನ್ನಡ ಊರಿನ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಅವರು ಒಂದೇ ಪ್ರಶ್ನೆಯಿಂದ ಸಾಕ್ಷಿಗಳ ಬೆವರಿಳಿಸಿದ್ದರು: "ನೀ ಕಣ್ಣಾರೆ ಕಂಡೀಯೋ, ಯಾರರ ಹೇಳಿದ್ದು ಕೇಳೀಯೋ?" ಎಮ್ಮೆಲ್ಲೆ ಆದ ಮೇಲೆ ಆ ಪ್ರಶ್ನೆಯನ್ನು ತಮಗೇ ಹಾಕಿಕೊಳ್ಳತೊಡಗಿದರು. ತಾವು ಕಂಡದ್ದಷ್ಟೇ ಬರೆಯುವುದು, ಉಳಿದದ್ದು ಗಾಳಿಮಾತು.

ಹೀಗಾಗಿ ಹಾಸ್ಟೆಲ್ ಸೀಟು ಬೇಕಿದ್ದ ಹುಡುಗನಿಗೆ ಬರೆದುಕೊಟ್ಟ ಪತ್ರ ಹೀಗಿತ್ತು: 'ಈ ಹುಡುಗನನ್ನು ಇಂದು ಬೆಳಿಗ್ಗೆ ಮೊದಲ ಸಲ ನೋಡಿದೆ. ಅಂಗಿ ಇಸ್ತ್ರಿಯಾಗಿದೆ. ಬುದ್ಧಿವಂತನೆಂದು ತಂದೆ ಹೇಳುತ್ತಾರೆ. ತಂದೆಯ ಮಾತನ್ನು ಸಾಕ್ಷಿಯಾಗಿ ಹಿಡಿಯಲು ಬಾರದು.' ತಿರುಪತಿಗೆ ಹೊರಟ ಬಟ್ಟೆ ಅಂಗಡಿಯ ದಂಪತಿಗೆ: 'ಇವರಿಗೆ ದರ್ಶನ ಬೇಕಾಗಿದೆ. ಭಕ್ತಿ ಇದೆಯೋ ಇಲ್ಲವೋ ನನಗೆ ತಿಳಿಯದು, ದೇವರಿಗೆ ತಿಳಿದಿರಬಹುದು.' ಆ ದಂಪತಿ ಸಾಮಾನ್ಯ ಕ್ಯೂನಲ್ಲಿ ಹದಿನಾಲ್ಕು ಗಂಟೆ ನಿಂತರಂತೆ. ಕ್ಯೂನಲ್ಲಿ ಅವರು ಯಾರ ಸಹಸ್ರನಾಮ ಹೇಳುತ್ತಿದ್ದರೋ ಊಹಿಸಿಕೊಳ್ಳಿ!

ಇಂಥವರು ಗೆದ್ದದ್ದಾದರೂ ಹೇಗೆ? ಪಕ್ಷದ ಎರಡು ಬಣಗಳು ಜಗಳಾಡಿ ಸುಸ್ತಾಗಿ, ಇಬ್ಬರಿಗೂ ಸಮವಾಗಿ ಸೇರದ ಒಬ್ಬನನ್ನು ಹುಡುಕಿದವು. ಮಾಮಾ ಸಿಕ್ಕರು. ಪ್ರಚಾರದ ವೇದಿಕೆ ಹತ್ತಿ, "ಕುಡಿಯುವ ನೀರು ಕೇಳ್ತೀನಿ. ಬರ್ತದೋ ಇಲ್ಲೋ ಹೇಳಾಕ ಬರಂಗಿಲ್ಲ" ಎಂದರು. ಜನ ಇದನ್ನು ತಮಾಷೆ ಎಂದುಕೊಂಡು ಬಿದ್ದು ಬಿದ್ದು ನಕ್ಕರು. ನಗಿಸಿದವನಿಗೆ ಮತ ಹಾಕಿದರು. ಆಗ ವೇದಿಕೆಯ ಮೂಲೆಯಲ್ಲಿ ಹೂವಿನ ಹಾರ ಹಿಡಿದು ನಿಂತಿದ್ದವನು ನಾನೇ; ಚೆಂಡುಹೂವಿನ ವಾಸನೆ ಇನ್ನೂ ಮೂಗಿನಲ್ಲಿದೆ.

ಇದನ್ನು ಒಮ್ಮೆ ಮಾಮಾನ ಎದುರೇ ಹೇಳಿ ಕೆಟ್ಟೆ.

"ನೀ ಅಲ್ಲಿರಲಿಲ್ಲ" ಎಂದರು.

"ಇದ್ದೆ ಮಾಮಾ, ಹಾರ ಹಿಡಕೊಂಡಿದ್ದೆ."

"ನಿನಗ ಆವಾಗ ಮಂಗನಬಾವು ಆಗಿತ್ತು. ಎರಡೂ ಗಲ್ಲ ಊದಿಸಿಕೊಂಡು ಹೈದರಾಬಾದಿನಾಗ ಮಲಗಿದ್ದಿ. ನಿಮ್ಮವ್ವ ಫೋನ್ ಮಾಡಿ ಅತ್ತಾಳ."

ಹದಿನೇಳನೇ ವಯಸ್ಸಿಗೆ ಮಂಗನಬಾವು! ಆ ಅವಮಾನಕ್ಕೇ ನನ್ನ ತಲೆ ಅದನ್ನು ಅಳಿಸಿ ಹಾರ ಕೊಟ್ಟಿರಬೇಕು. ವಿಶ್ವವಿದ್ಯಾಲಯದಲ್ಲಿ ನನಗೆ ಎಲ್ಲವನ್ನೂ ಸಂಶಯದಿಂದ ನೋಡಲು ಕಲಿಸಿದ್ದರು. ನನ್ನನ್ನೇ ಸಂಶಯದಿಂದ ನೋಡಲು ಕಲಿಸಿದವರು ಮಾಮಾ. ಆದ್ದರಿಂದ ಓದುಗರೇ, ಈ ಬರಹದಲ್ಲಿ ನಾನು ಹೇಳುವುದನ್ನೆಲ್ಲ ಸ್ವಲ್ಪ ಉಪ್ಪು ನೀರಿನಲ್ಲಿ ತೊಳೆದು ಸ್ವೀಕರಿಸಬೇಕು.

ಶಾಸನಸಭೆಯಲ್ಲಿ ಅವರು ಮಾತಾಡಿದ್ದು ಒಂದೇ ಸಲ. ಸ್ವಂತ ಪಕ್ಷದ ಸಚಿವರು ಹೊಸ ರಸ್ತೆಯೊಂದನ್ನು ಕೊಂಡಾಡಿದರು. ಬೆಂಬಲಿಸಿ ನಾಲ್ಕು ಮಾತಾಡಿ ಎಂದು ಮಾಮಾನಿಗೆ ಚೀಟಿ ಬಂತು. ಎದ್ದರು: "ಅಧ್ಯಕ್ಷರೇ, ಸಚಿವರು ಹೇಳಿದ ರಸ್ತೆಯಲ್ಲೇ ಇಂದು ಬಂದೆ. ಹನ್ನೆರಡನೇ ಕಿಲೋಮೀಟರಿನವರೆಗೆ ಅವರ ಮಾತು ನಿಜ." ಕುಳಿತರು. ವಿರೋಧ ಪಕ್ಷದವರು ಮೇಜು ಕುಟ್ಟಿದರು. ಕೇಳಿಸಿಕೊಳ್ಳದೆ ಕೂತಿದ್ದ ಸ್ವಂತ ಪಕ್ಷದವರೂ ರೂಢಿಯಂತೆ ಕುಟ್ಟಿದರು!

ಮನೆಯಲ್ಲೇನು ಬೇರೆಯೇ? ಮಾಮಿಯನ್ನು ಕೇಳಬೇಕು. "ಇಷ್ಟು ವರ್ಷ ಸಂಸಾರ ಮಾಡೀನಿ. ಪಲ್ಯ ಭಾಳ ಚಲೋ ಆಗೇತಿ ಅಂತ ಒಮ್ಮಿನೂ ಅಂದಿಲ್ಲ. 'ಉಪ್ಪು ಸರಿ ಐತಿ' ಅಂತಾರ. ಅದಕ್ಕಷ್ಟ ಸಾಕ್ಷಿ ಸಿಗ್ತದಂತ."

ಮುಂದಿನ ಚುನಾವಣೆ ಬಂದಾಗ ಪಕ್ಷ ಪ್ರತಿಯೊಬ್ಬ ಎಮ್ಮೆಲ್ಲೆಗೂ ಅವರವರ ಕ್ಷೇತ್ರದ ಸ್ಥಿತಿಗತಿ ಬರೆದು ಕಳಿಸಲು ಹೇಳಿತು. ಎಲ್ಲರೂ 'ಅಲೆ ನಮ್ಮ ಕಡೆ' ಎಂದು ಬರೆದರು. ಮಾಮಾ ಬರೆದರು: 'ಜನರಿಗೆ ನನ್ನ ಮೇಲೆ ಬೇಸರವಿದೆ. ಇದನ್ನು ಖುದ್ದಾಗಿ ಕೇಳಿದ್ದೇನೆ.' ಅವರ ಪತ್ರವನ್ನು ಪೂರ್ತಿ ನಂಬಿ ತಕ್ಷಣ ಕ್ರಮ ಕೈಗೊಂಡ ಉದಾಹರಣೆ ಅದೊಂದೇ. ಟಿಕೆಟ್ ಬೇರೆಯವರಿಗೆ ಹೋಯಿತು. ಮಾಮಾ ಮತ್ತೆ ಕರಿಕೋಟು ಹಾಕಿ ಕೋರ್ಟಿಗೆ ಹೋದರು. ವಯಸ್ಸಾದ ಮೇಲೆ ಹೈದರಾಬಾದಿಗೆ ಬಂದು ಉಪ್ಪಲ್‌ನಲ್ಲಿ ನೆಲೆಸಿದರು. ಕ್ರಿಕೆಟ್ ಮ್ಯಾಚಿನ ದಿನ ಸ್ಟೇಡಿಯಮ್ಮಿನಿಂದ ಕೂಗು ಕೇಳಿದರೆ "ಯಾರೋ ಔಟಾಗಿರಬೇಕು, ಅಥವಾ ಸಿಕ್ಸರ್ ಇರಬೇಕು" ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಈ ಮನುಷ್ಯನಿಂದ ನನಗೇ ಒಂದು ಶಿಫಾರಸು ಪತ್ರ ಬೇಕಾಗುವ ಕಾಲ ಬಂತು. ಹಣೆಬರಹ ಅನ್ನುವುದು ಇದಕ್ಕೇ.

ಹೈದರಾಬಾದಿನದೇ ಬೇಗಂಪೇಟೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಶೈಲಾಳನ್ನು ಮದುವೆಯಾಗಬೇಕೆಂದು ನನಗೆ ಆಸೆ. ಅವಳಿಗೂ ಹಾಗೇ ಅನ್ನಿಸಿತ್ತು. ಇದನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ಅಡ್ಡವಾದವರು ಅವಳ ತಂದೆ. ಕಲಬುರಗಿ ಮೂಲದವರು, ಹೈದರಾಬಾದಿನ ಸೆಕ್ರೆಟೇರಿಯಟ್‌ನಲ್ಲಿ ಫೈಲು ನೋಡಿ ನೋಡಿ ನಿವೃತ್ತರಾದವರು. ನನ್ನ ಫೈಲು ಅವರಿಗೆ ಹಿಡಿಸಲಿಲ್ಲ. ವಯಸ್ಸು ಮೂವತ್ತಾರು, ಎರಡು ಕೆಲಸ ಬಿಟ್ಟಿದ್ದಾನೆ, ಪಿಎಚ್‌ಡಿ ಅರ್ಧಕ್ಕೆ ನಿಂತಿದೆ, ಮಿಯಾಪುರದಲ್ಲಿ ಒಬ್ಬನೇ ಇರುತ್ತಾನೆ. ಮೂರು ತಿಂಗಳು 'ನೋಡೋಣ' ಎಂದರು. ಕಡೆಗೆ ಶೈಲಾ ಸಂತೋಷದಿಂದ ಫೋನು ಮಾಡಿದಳು. ನಾನು ಯಾರ ಸೋದರಳಿಯನೆಂಬುದು ತಂದೆಗೆ ಅಂದೇ ತಿಳಿಯಿತಂತೆ. ಮಾಮಾನ ಪತ್ರಗಳು ಅವರ ಟೇಬಲ್ಲಿಗೂ ಬರುತ್ತಿದ್ದವಂತೆ. ಎಮ್ಮೆಲ್ಲೆಗಳ ಪತ್ರಗಳಲ್ಲಿ ಅವರು ಕೊನೆತನಕ ಓದುತ್ತಿದ್ದದ್ದು ಅವನ್ನು ಮಾತ್ರವಂತೆ. "ಅವರು ಇವನ ಬಗ್ಗೆ ಬರದು ಕೊಡಲಿ. ಅವರು ಏನು ಬರೀತಾರೋ ಅದರ ಮ್ಯಾಲ ತೀರ್ಮಾನ" ಎಂದುಬಿಟ್ಟಿದ್ದರು.

"ಮುಗೀತು" ಎಂದೆ.

"ಯಾಕ? ನಿಮ್ಮ ಸ್ವಂತ ಮಾಮಾ ಅಲ್ಲೇನು?"

ಪಾಪ, ಅವಳಿಗೇನು ಗೊತ್ತು!

ಉಪ್ಪಲ್‌ಗೆ ಹೋಗಿ ವಿಷಯ ಹೇಳಿದೆ. ಮಾಮಿ ಒಳಗಿನಿಂದಲೇ, ಈ ಒಂದು ಸಲವಾದರೂ 'ಭಾಳ ಚಲೋ ಹುಡುಗ' ಅಂತ ಬರೆಯಿರಿ, ನಿಮ್ಮ ವಕೀಲಿಯ ಸನ್ನದನ್ನೇನು ಯಾರೂ ಕಸಿದುಕೊಳ್ಳುವುದಿಲ್ಲ ಎಂದು ಕೂಗಿದರು. ಮಾಮಾ ನನ್ನನ್ನು ತಲೆಯಿಂದ ಕಾಲಿನವರೆಗೆ, ಇನ್ನೊಬ್ಬರ ಮನೆಯ ಎಮ್ಮೆಯನ್ನು ನೋಡುವ ಹಾಗೆ ನೋಡಿದರು. ಎರಡು ದಿನ ಬಿಟ್ಟು ಬಾ ಎಂದರು. ಎರಡು ದಿನವೇ! ತಿರುಪತಿಯವರಿಗೆ ಎರಡು ನಿಮಿಷದಲ್ಲಿ ಬರೆದವರು. ಆಮೇಲೆ ಕೊಟ್ಟದ್ದು ಅಂಟು ಹಚ್ಚಿ ಮುಚ್ಚಿದ ಲಕೋಟೆ. ಮೆಟ್ರೋದಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ದಪ್ಪ ಕಾಗದ, ಏನೂ ಕಾಣಲಿಲ್ಲ.

ಭಾನುವಾರ ಬೇಗಂಪೇಟೆಯ ಅವರ ಮನೆಯಲ್ಲಿ ಶೈಲಾಳ ತಂದೆ ಕನ್ನಡಕ ಹಾಕಿ ಲಕೋಟೆ ಒಡೆದರು. ಶೈಲಾ ಮತ್ತು ಅವಳ ತಾಯಿ ಬಾಗಿಲಲ್ಲಿ ನಿಂತರು. ನಾನು ಚಹಾದ ಕಪ್ಪು ಹಿಡಿದಿದ್ದೆ. ಅವರು ಗಟ್ಟಿಯಾಗಿ ಓದಿದರು.

'ಈತನನ್ನು ಹುಟ್ಟಿದಾಗಿನಿಂದ ಬಲ್ಲೆ. ಎರಡು ಕೆಲಸ ಬಿಟ್ಟಿದ್ದಾನೆ. ಎರಡೂ ಸಲ ಕಾರಣ ಹೇಳಿದ, ಎರಡೂ ಸಲ ನನಗೆ ತಿಳಿಯಲಿಲ್ಲ. ಪಿಎಚ್‌ಡಿ ಮುಗಿಸುವುದನ್ನು ನಾನು ನೋಡಿಲ್ಲ. ಅಡುಗೆ ಬರುತ್ತದೆ ಎನ್ನುತ್ತಾನೆ, ನಾನು ಉಂಡಿಲ್ಲ. ನೆನಪಿನ ಶಕ್ತಿ ನಂಬಲರ್ಹವಲ್ಲ.'

ಅವಳ ತಂದೆ ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದರು, ಹಳೆಯ ಗೆಳೆಯ ಸಿಕ್ಕವರ ಹಾಗೆ. ಶೈಲಾ ನೆಲ ನೋಡುತ್ತಿದ್ದಳು. ಚಪ್ಪಲಿ ಎಲ್ಲಿ ಬಿಟ್ಟಿದ್ದೆನೆಂದು ನಾನು ಆಗಲೇ ಯೋಚಿಸುತ್ತಿದ್ದೆ. ಪುಟ ತಿರುವಿದರು.

'ನನಗೆ ಟಿಕೆಟ್ ತಪ್ಪಿದ ವರ್ಷ, ಬೆಳಿಗ್ಗೆ ನಲವತ್ತು ಜನ ಕಾಯುತ್ತಿದ್ದ ನನ್ನ ಪಡಸಾಲೆಗೆ ಯಾರೂ ಬರಲಿಲ್ಲ. ಆಗ ಈತ ಊರಿಗೆ ಬಂದ. ಬಂದವರು ಕೂಡುವ ಬೆಂಚಿನ ಮೇಲೆ ದಿನಾ ಎಂಟರಿಂದ ಹತ್ತರವರೆಗೆ ಕೂತ. ಇಪ್ಪತ್ತೆರಡು ದಿನ. ಯಾಕೆ ಕೂತನೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ.'

ಅಷ್ಟೇ. ಕೆಳಗೆ ಸಹಿ.

ಅವಳ ತಂದೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಮುಂದಿನ ತಿಂಗಳು ಒಳ್ಳೆಯ ಮುಹೂರ್ತ ಯಾವುದಿದೆ ನೋಡು ಎಂದರು.

ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಕಪ್ಪು ಹಿಡಿದು ಬೆವರುತ್ತಿದ್ದೆ. ಯಾಕೆಂದರೆ ಆ ಇಪ್ಪತ್ತೆರಡು ದಿನ ನನಗೆ ಬೇರೆ ರೀತಿ ನೆನಪಿದೆ. ಒಂದು ಪೇಪರಿನಲ್ಲಿ ಫೇಲಾಗಿದ್ದೆ. ಅಪ್ಪನ ಮುಖ ತಪ್ಪಿಸಲು ಊರಿಗೆ ಓಡಿದ್ದೆ. ಮನೆಯಲ್ಲಿ ಸರಿಯಾಗಿ ತಿರುಗುತ್ತಿದ್ದ ಫ್ಯಾನು ಆ ಬೆಂಚಿನ ಮೇಲಿನದೊಂದೇ. ಅದಕ್ಕೇ ಕೂತಿದ್ದೆ! ಅಥವಾ ಅದಕ್ಕೇ ಕೂತಿದ್ದೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆಯೇ? ಮಂಗನಬಾವನ್ನು ಹಾರ ಮಾಡಿದ ತಲೆಯನ್ನು ಹೇಗೆ ನಂಬುವುದು? ಸುಳ್ಳಿನ ಮೇಲೆ ಮದುವೆಯಾಗುತ್ತಿದ್ದೇನೆ ಎನ್ನಿಸಿತು. ಅಲ್ಲಿಂದ ನೇರವಾಗಿ ಉಪ್ಪಲ್‌ಗೆ ಹೋದೆ.

ಮಾಮಾ ಬಾಲ್ಕನಿಯಲ್ಲಿ ಹುರಿದ ಶೇಂಗಾದ ಸಿಪ್ಪೆ ಉಜ್ಜುತ್ತ ಕೂತಿದ್ದರು. ಎಲ್ಲವನ್ನೂ ಹೇಳಿದೆ: ಫೇಲಾದದ್ದು, ಅಪ್ಪನ ಭಯ, ಫ್ಯಾನು. ಬೇಕಾದರೆ ನಾನೇ ಹೋಗಿ ಶೈಲಾಳ ತಂದೆಗೆ ತಿಳಿಸುತ್ತೇನೆ ಎಂದೆ.

ಅವರು ಸಿಪ್ಪೆಯನ್ನು ಊದಿ ಹಾರಿಸಿದರು.

"ಫೇಲಾಗಿದ್ದು ನನಗ ಆವಾಗನ ಗೊತ್ತಿತ್ತು. ನಿಮ್ಮಪ್ಪ ಫೋನ್ ಮಾಡಿದ್ದ."

"ಮತ್ತ ಹಂಗ್ಯಾಕ ಬರದ್ರಿ?"

"ನೀ ಯಾಕ ಕುಂತಿ ಅಂತ ನಾ ಎಲ್ಲಿ ಬರದೀನಿ? ಕುಂತಿದ್ದಿ, ಬರದೀನಿ."

ಒಂದು ಹಿಡಿ ಶೇಂಗಾ ನನ್ನ ಅಂಗೈಗೆ ಸುರಿದರು. ರಸ್ತೆಯ ಕಡೆ ನೋಡುತ್ತಲೇ ಮುಂದುವರಿಸಿದರು.

"ಹೊರಗ ಒಬ್ಬಾಂವ ಕುಂತಾನಲ್ಲ ಅಂತ ನಾ ದಿನಾ ಎದ್ದು, ಗಡ್ಡ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬರತಿದ್ದೆ. ಅದನ್ನ ಬರೀಲಿಲ್ಲ. ಅದು ನಿನ್ನ ಬಗ್ಗೆ ಅಲ್ಲ."